‘ಕೆ’ ಜಾಸ್ತಿ ಬಂದಿದೆ ಅಂದ್ರೆ ಮೀನು ಚೆನ್ನಾಗಿ ಬೆಳೆಯುತ್ತಿದೆ ಅಂತಾನಾ?

ದಡದ ಹುಡುಗಿ

ಎಲ್ಲರಿಗೂ ನಮಸ್ಕಾರ. ಒಂದು ಜಲಾಶಯದ ನೈಲ್ ತಿಲಾಪಿಯಾ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ವರ್ಷವಿಡೀ ತಿಂಗಳು ತಿಂಗಳು ದಡಕ್ಕೆ ಹೋಗಿ, ದೋಣಿಯಿಂದ ಇಳಿಸಿದ ಮೀನಿನ ಉದ್ದ ಅಳೆದಿದ್ದೇನೆ. ಅಲ್ಲಿ ಬಲೆಗಳಿಗೆ ಲೆಕ್ಕವೇ ಇಲ್ಲ. ನೀರಿನ ಮೇಲೆ ಎಲ್ಲಿ ನೋಡಿದರೂ ಬೆಂಡುಗಳ ಸಾಲು.

ಅಳತೆಗಳನ್ನೆಲ್ಲ ಉದ್ದದಿಂದ ಬೆಳವಣಿಗೆ ಲೆಕ್ಕ ಹಾಕುವ ತಂತ್ರಾಂಶ ಎಲಿಫಾನ್‌ಗೆ ಹಾಕಿದೆ. ಬಂದದ್ದು ಇಷ್ಟು. ಎಲ್-ಇನ್ಫಿನಿಟಿ (ಮೀನು ಮುಟ್ಟಬಹುದಾದ ಗರಿಷ್ಠ ಉದ್ದ) 40 ಸೆಂ.ಮೀ., ಬೆಳವಣಿಗೆ ಸೂತ್ರದ ಕೆ ವರ್ಷಕ್ಕೆ 0.6. ಹದಿನೈದು ಸೆಂ.ಮೀ. ಮೇಲ್ಪಟ್ಟ ಮೀನುಗಳ ಸರಾಸರಿ ಉದ್ದ 18.5. ಒಟ್ಟು ಸಾವಿನ ದರ ಝಡ್ 3.7. ಸಹಜ ಸಾವು ಅಂದಾಜಿಸುವ ಪೌಲಿ ಸೂತ್ರಕ್ಕೆ ನೀರಿನ ತಾಪ 27 ಡಿಗ್ರಿ ಹಾಕಿದರೆ ಸಹಜ ಸಾವು ಎಂ 1.16. ಉಳಿದ 2.54 ಮೀನುಗಾರಿಕೆಯಿಂದ ಆಗುವ ಸಾವು, ಅಂದರೆ ಎಫ್. ಎಫ್ ಅನ್ನು ಝಡ್‌ನಿಂದ ಭಾಗಿಸಿದರೆ ಇ, ಅಂದರೆ ಒಟ್ಟು ಸಾವಿನಲ್ಲಿ ಮೀನುಗಾರಿಕೆಯ ಪಾಲು, 0.69. ಇದು 0.5 ದಾಟಿದರೆ ಅತಿಯಾಗಿ ಹಿಡಿಯುತ್ತಿದ್ದಾರೆ ಅನ್ನುತ್ತಾರೆ.

ಈಗ ತಲೆ ಕೆಡುತ್ತಿರುವುದು ಎಲ್ಲಿ ಅಂದರೆ, ಝಡ್ 3.7 ಅಂದ್ರೆ ವರ್ಷಕ್ಕೆ 370 ಪರ್ಸೆಂಟ್ ಮೀನು ಸಾಯುತ್ತವಾ? ಅದು ಹೇಗೆ ಸಾಧ್ಯ? ಇನ್ನೊಂದು, ಇದೇ ನೀರಿನ ಮೇಲೆ ಹಿಂದೆ ಯಾರೋ ಮಾಡಿದ ವರದಿ ಸಿಕ್ಕಿತು. ಅದರಲ್ಲಿ ಎಲ್-ಇನ್ಫಿನಿಟಿ 55, ಕೆ 0.32. ನನ್ನ ಜೊತೆಗಾರ ಹೇಳುತ್ತಾನೆ, ‘ನೋಡು, ಕೆ ಎರಡು ಪಟ್ಟಾಗಿದೆ, ಮೀನು ಈಗ ಬೇಗ ಬೆಳೆಯುತ್ತಿವೆ, ಹಿಡಿದು ಹಿಡಿದು ಗುಂಪು ತೆಳುವಾಗಿದೆ, ಮೇವು ಜಾಸ್ತಿ ಸಿಗುತ್ತಿದೆ, ಒಳ್ಳೆಯದೇ ಆಯಿತು’ ಅಂತ. ಮೇಲಾಗಿ ಒಟ್ಟು ಹಿಡಿಯುವ ತೂಕ ಕೆಲವು ವರ್ಷಗಳಿಂದ ಇಳಿದಿಲ್ಲ. ಬಲೆ ಮಾತ್ರ ಜಾಸ್ತಿಯಾಗಿದೆ.

ಆದರೆ ನನಗೆ ಸಮಾಧಾನ ಇಲ್ಲ. ಮೊನ್ನೆ ಒಂದು ಮೀನನ್ನು ಅಳತೆ ಹಲಗೆಯ ಮೇಲೆ ಇಟ್ಟೆ. 13 ಸೆಂ.ಮೀ. ಇತ್ತು. ಬಾಯಿ ತೆರೆದದ್ದೇ ತಡ, ಹಳದಿ ಮೊಟ್ಟೆಗಳು ಹಲಗೆ ಮೇಲೆ ಉರುಳಿದವು (ಈ ತಾಯಿ ಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟು ಕಾಯುತ್ತದೆ). ಅಷ್ಟು ಚಿಕ್ಕ ಮೀನು ಮರಿ ಮಾಡುವುದಕ್ಕೆ ಶುರು ಮಾಡಿದೆ. ಇದನ್ನು ಚೆನ್ನಾಗಿದೆ ಅನ್ನೋದಾ, ಕೆಟ್ಟಿದೆ ಅನ್ನೋದಾ? ಬಲೆಯ ಕಣ್ಣು ದೊಡ್ಡದು ಮಾಡಿ ಅಂತ ವರದಿಯಲ್ಲಿ ಬರೆಯಬಹುದಾ?

ಮೀನ್‌ಲೆಕ್ಕ

ಚೆನ್ನಾಗಿ ಕೇಳಿದ್ದೀರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. ಇಂಥ ಲೆಕ್ಕಗಳ ಜೊತೆ ಬಹಳ ವರ್ಷ ಗುದ್ದಾಡಿದ್ದೇನೆ. ಕೆ ಮತ್ತು ಇ ಎರಡನ್ನೂ ಕಣ್ಣು ಮುಚ್ಚಿ ನಂಬುವವರನ್ನು ಕಂಡರೆ ಸುಮ್ನೆ ಇರೋಕಾಗಲ್ಲ.

ಮೊದಲು ಝಡ್. ಅದು ಪರ್ಸೆಂಟ್ ಅಲ್ಲ. ಕ್ಷಣ ಕ್ಷಣಕ್ಕೂ ನಡೆಯುವ ಸಾವಿನ ವೇಗ. ಮೀನು ಕಮ್ಮಿಯಾದ ಹಾಗೆ ಸಾಯುವ ಸಂಖ್ಯೆಯೂ ಕಮ್ಮಿಯಾಗುತ್ತಾ ಹೋಗುತ್ತದೆ. ಹಾಗಾಗಿ ಸೊನ್ನೆಗೆ ಎಂದೂ ಮುಟ್ಟುವುದಿಲ್ಲ. ಕ್ಯಾಲ್ಕುಲೇಟರಿನಲ್ಲಿ ‘ಇ ಪವರ್ ಮೈನಸ್ 3.7’ ಒತ್ತಿ ನೋಡಿ (ಈ ‘ಇ’ ಲಾಗರಿದಮ್ಮಿನದು, ನಿಮ್ಮ 0.69 ಅಲ್ಲ). 0.025 ಬರುತ್ತದೆ. ಅಂದರೆ ಇವತ್ತು ಬಲೆಗೆ ಸಿಗುವ ಅಳತೆಯ ಸಾವಿರ ಮೀನು ಇದ್ದರೆ, ಮುಂದಿನ ವರ್ಷ ಇದೇ ಹೊತ್ತಿಗೆ 25 ಉಳಿದಿರುತ್ತವೆ. ಎರಡನೇ ವರ್ಷಕ್ಕೆ ಒಂದೂ ಗ್ಯಾರಂಟಿ ಇಲ್ಲ.

ಸತ್ತ 975ರಲ್ಲಿ ಯಾರ ಪಾಲು ಎಷ್ಟು? ರಷ್ಯಾದ ಬಾರಾನೊವ್ 1918ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಅದೇ. ಎಫ್ ಭಾಗಿಸು ಝಡ್, ಗುಣಿಸು ಸತ್ತವು. ನಿಮ್ಮ ಅಂಕಿಯಲ್ಲಿ ಸುಮಾರು 670 ಬಲೆಗೆ, 305 ಸಹಜವಾಗಿ. ಇಲ್ಲಿ ಒಂದು ವಿಷಯ ಗಮನಿಸಿ. ಬಲೆಯೇ ಇಲ್ಲದಿದ್ದರೆ ಎಂ 1.16ರ ಪ್ರಕಾರ 313 ಉಳಿಯುತ್ತಿದ್ದವು, 687 ಸಹಜವಾಗಿಯೇ ಸಾಯುತ್ತಿದ್ದವು. ಬಲೆಗೆ ಬಿದ್ದ ಮೀನುಗಳಲ್ಲಿ ಬಹಳಷ್ಟು ಹೇಗಿದ್ದರೂ ಹಕ್ಕಿಗೋ ದೊಡ್ಡ ಮೀನಿಗೋ ರೋಗಕ್ಕೋ ಹೋಗುವಂಥವು. ಇದನ್ನು ಮರೆತು ‘670 ಮೀನು ನಷ್ಟ’ ಅಂತ ಬರೆಯುವವರು ಜಾಸ್ತಿ.

ಈಗ ಕೆ. ನಿಮ್ಮ ಜೊತೆಗಾರರು ಎಡವಿರುವುದು ಇಲ್ಲೇ. ಆಸ್ಟ್ರಿಯಾದ ಬರ್ಟಲನ್ಫಿ 1938ರಲ್ಲಿ ಕೊಟ್ಟ ಬೆಳವಣಿಗೆಯ ಸೂತ್ರದಲ್ಲಿ ಕೆ ಅಂದರೆ ವರ್ಷಕ್ಕೆ ಎಷ್ಟು ಸೆಂ.ಮೀ. ಅಂತ ಅಲ್ಲ. ತನ್ನ ಗರಿಷ್ಠ ಉದ್ದದ ಹತ್ತಿರಕ್ಕೆ ಎಷ್ಟು ಬೇಗ ಹೋಗುತ್ತದೆ ಅಂತ. ಗರಿಷ್ಠವೇ ಚಿಕ್ಕದಾದರೆ ಅದನ್ನು ಮುಟ್ಟುವುದೂ ಬೇಗ. ಎರಡೂ ಒಟ್ಟಿಗೆ ಓಡಾಡುವ ಅಂಕಿಗಳು. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ.

ಸೆಂ.ಮೀ.ಗೆ ಇಳಿಸಿ ನೋಡೋಣ. ಹಳೆ ವರದಿಯ 55 ಮತ್ತು 0.32 ಹಾಕಿದರೆ ಮೊದಲ ವರ್ಷಕ್ಕೆ 15 ಸೆಂ.ಮೀ., ಎರಡಕ್ಕೆ 26, ಮೂರಕ್ಕೆ 34, ನಾಲ್ಕಕ್ಕೆ ಸುಮಾರು 40. ನಿಮ್ಮ 40 ಮತ್ತು 0.6 ಹಾಕಿದರೆ 18, 28, 33, 36. ನೋಡಿದಿರಾ? ಕೆ ಎರಡು ಪಟ್ಟು, ಆದರೆ ಬೆಳವಣಿಗೆ ಎರಡು ಪಟ್ಟಲ್ಲ. ಮೊದಲೆರಡು ವರ್ಷ ಎರಡು ಮೂರು ಸೆಂ.ಮೀ. ವ್ಯತ್ಯಾಸ, ಮೂರನೇ ವರ್ಷ ಹೆಚ್ಚುಕಮ್ಮಿ ಒಂದೇ, ಆಮೇಲೆ ಹಳೆಯದೇ ಮುಂದೆ. ಎರಡು ಗೆರೆಗಳು ಬೇರೆಯಾಗಿ ಕಾಣುವುದು 34 ಸೆಂ.ಮೀ. ದಾಟಿದ ಮೇಲೆ. ಆ ಅಳತೆಯ ಮೀನು ನಿಮ್ಮ ಪಟ್ಟಿಯಲ್ಲಿ ಎಷ್ಟಿವೆ? ಬೆರಳೆಣಿಕೆ ಇರಬೇಕು.

ಅಂದರೆ ನಿಮ್ಮ 40 ಅನ್ನುವ ಅಂಕಿ ಮೀನಿನ ಗುಣ ಅಲ್ಲದೇ ಇರಬಹುದು. ಬಲೆಯ ಗುಣ ಇರಬಹುದು. ದೊಡ್ಡದಾಗುವ ಮೊದಲೇ ಎಲ್ಲವನ್ನೂ ಎತ್ತಿಬಿಟ್ಟರೆ, ಇರುವುದರಲ್ಲಿ ದೊಡ್ಡದು 38. ತಂತ್ರಾಂಶಕ್ಕೆ ಬೇರೆ ದಾರಿ ಇಲ್ಲ, ಅದರ ಸ್ವಲ್ಪ ಮೇಲೆ ಗರಿಷ್ಠ ಇಟ್ಟುಬಿಡುತ್ತದೆ. ಗರಿಷ್ಠ ಕೆಳಗೆ ಬಂತು, ಕೆ ಮೇಲೆ ಹೋಯಿತು. ಇಷ್ಟೇ ಕಥೆ ಆಗಿರುವ ಸಾಧ್ಯತೆ ದೊಡ್ಡದು. ಇದಕ್ಕೆ ಒಂದು ಪರೀಕ್ಷೆ ಇದೆ, ಫೈ-ಪ್ರೈಮ್. ಕೆ ಯ ಲಾಗ್‌ಗೆ ಗರಿಷ್ಠ ಉದ್ದದ ಲಾಗಿನ ಎರಡು ಪಟ್ಟು ಕೂಡಿಸಿ. ಹಳೆ ವರದಿಗೆ 2.99, ನಿಮ್ಮದಕ್ಕೆ 2.98. ಒಂದೇ! ಒಂದೇ ಜಾತಿಯ ಮೀನಿಗೆ ಇದು ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ‘ಈಗ ಮೀನು ಬೇಗ ಬೆಳೆಯುತ್ತಿವೆ’ ಅಂತ ಈ ಎರಡು ಕೆ ಇಟ್ಟುಕೊಂಡು ಹೇಳುವಂತಿಲ್ಲ.

ಇದರ ಏಟು ಕೊನೆಗೆ ಬೀಳುವುದು ಇ ಮೇಲೆ. ಪೌಲಿ 1980ರಲ್ಲಿ 175 ಮೀನು ಸಮುದಾಯಗಳ ಮಾಹಿತಿ ಇಟ್ಟುಕೊಂಡು ಮಾಡಿದ ಸೂತ್ರ ಎಂ ಅನ್ನು ಕೊಡುವುದು ಗರಿಷ್ಠ ಉದ್ದ, ಕೆ, ನೀರಿನ ತಾಪ, ಈ ಮೂರರಿಂದ. ಕೆ ಉಬ್ಬಿದರೆ ಎಂ ಉಬ್ಬುತ್ತದೆ. ಎಂ ಉಬ್ಬಿದರೆ ಎಫ್ ಕುಗ್ಗುತ್ತದೆ. ಹಳೆ ವರದಿಯ 55 ಮತ್ತು 0.32 ಇಟ್ಟು, ನಿಮ್ಮದೇ ಸರಾಸರಿ 18.5 ಮತ್ತು ಕೆಳಗಿನ ಗಡಿ 15 ಹಾಕಿ, ಸರಾಸರಿ ಉದ್ದದಿಂದ ಝಡ್ ಕೊಡುವ ಬೆವರ್ಟನ್-ಹಾಲ್ಟ್ ಸೂತ್ರ ಓಡಿಸಿದೆ. ಝಡ್ 3.34, ಎಂ 0.70, ಎಫ್ 2.64. ಇ 0.79.

0.69 ಎಲ್ಲಿ, 0.79 ಎಲ್ಲಿ. ಮೀನು ಅದೇ, ಅಳತೆ ಅದೇ. ಹೆಚ್ಚು ಹಿಡಿದಷ್ಟೂ ದೊಡ್ಡ ಮೀನು ಮಾಯ, ದೊಡ್ಡ ಮೀನು ಮಾಯವಾದಷ್ಟೂ ಲೆಕ್ಕದಲ್ಲಿ ಮೀನುಗಾರಿಕೆಯ ಪಾಲು ಕಮ್ಮಿಯಾಗಿ ಕಾಣುತ್ತದೆ. ಅತಿಯಾಗಿ ಹಿಡಿಯುವುದು ತನ್ನ ಗುರುತನ್ನು ತಾನೇ ಅಳಿಸುತ್ತದೆ, ಅದೂ ನಾವು ಬಳಸುವ ಸೂತ್ರದ ಒಳಗೇ. ನಾನು ಮುಖ್ಯವಾಗಿ ಹೇಳಬೇಕಿದ್ದು ಇದು.

ಕೊನೆಯದಾಗಿ ರೋಸಾ ಲೀ. 1912ರಲ್ಲೇ ಈಕೆ ಒಂದು ವಿಚಿತ್ರ ಗಮನಿಸಿದ್ದರು. ಮೀನಿನ ಹುರುಪೆಯ ಉಂಗುರ ನೋಡಿ, ಚಿಕ್ಕಂದಿನಲ್ಲಿ ಅದು ಎಷ್ಟು ಉದ್ದ ಇತ್ತು ಅಂತ ಹಿಂದಕ್ಕೆ ಲೆಕ್ಕ ಹಾಕುತ್ತಾರಲ್ವಾ? ವಯಸ್ಸಾದ ಮೀನುಗಳಲ್ಲಿ ಆ ಉದ್ದ ಯಾವಾಗಲೂ ಕಮ್ಮಿ ಬರುತ್ತಿತ್ತು. ಅದಕ್ಕೆ ಒಂದು ಮುಖ್ಯ ಕಾರಣ ಬಲೆ. ಬೇಗ ಬೆಳೆದವು ಬೇಗ ಬಲೆಯ ಅಳತೆಗೆ ಬರುತ್ತವೆ, ಬೇಗ ಹೋಗುತ್ತವೆ. ಮುದಿಯಾಗುವವರೆಗೆ ಉಳಿಯುವುದು ನಿಧಾನವಾಗಿ ಬೆಳೆದವು. ಹಾಗಾಗಿ ನಿಮ್ಮ 30 ಸೆಂ.ಮೀ. ಮೇಲ್ಪಟ್ಟ ಮೀನುಗಳು ಆ ಜಲಾಶಯದ ಸಾಮಾನ್ಯ ಮೀನುಗಳ ಪ್ರತಿನಿಧಿಗಳಲ್ಲ. ತಪ್ಪಿಸಿಕೊಂಡವು, ಅಷ್ಟೇ.

ಗಂಟುಬಲೆ

ಮೀನ್‌ಲೆಕ್ಕ ಸರ್ ಹೇಳಿದ್ದು ಸರಿ. ಆದರೆ ಒಂದು ಮಾತು ಬಿಟ್ಟುಹೋಯಿತು. ಆ ಮೀನುಗಳು ಯಾವ ಬಲೆಯಿಂದ ಬಂದವು?

ನಾನು ಲೆಕ್ಕದವನಲ್ಲ, ಬಲೆಯ ಕಡೆಯವನು. ಗಿಲ್‌ನೆಟ್‌ ಅನ್ನುವುದು ಒಂದೇ ಅಳತೆಯ ಮೀನನ್ನು ಆರಿಸಿ ಹಿಡಿಯುವ ಬಲೆ. ಚಿಕ್ಕದು ತೂರಿ ಹೋಗುತ್ತದೆ. ದೊಡ್ಡದರ ತಲೆ ಕಣ್ಣಿನೊಳಗೆ ಹೋಗುವುದೇ ಇಲ್ಲ, ಮೂತಿ ತಾಗಿಸಿ ವಾಪಸ್ ಹೋಗುತ್ತದೆ. ನಡುವಿನದು ಮಾತ್ರ ಕಿವಿರಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಕಣ್ಣು ದುಪ್ಪಟ್ಟಾದರೆ ಸಿಗುವ ಮೀನಿನ ಉದ್ದವೂ ಸುಮಾರಾಗಿ ದುಪ್ಪಟ್ಟು.

ಈಗ ಎಲ್ಲ ದೋಣಿಯಲ್ಲೂ ಒಂದೇ ಕಣ್ಣಿನ ಬಲೆ ಇದೆ ಅಂದುಕೊಳ್ಳಿ. ನಿಮ್ಮ ಪಟ್ಟಿಯಲ್ಲಿ 18 ಸೆಂ.ಮೀ. ಮೀನು ರಾಶಿ, 25ರದ್ದು ಅಪರೂಪ. ಇದನ್ನು ನೋಡಿ ತಂತ್ರಾಂಶ ಏನನ್ನುತ್ತದೆ? ‘18ಕ್ಕೂ 25ಕ್ಕೂ ನಡುವೆ ಎಲ್ಲ ಸತ್ತುಹೋದವು, ಝಡ್ ಬಹಳ ಜಾಸ್ತಿ’. ಸತ್ತಿಲ್ಲ ಸ್ವಾಮಿ, ನಿಮ್ಮ ಬಲೆಗೆ ಸಿಕ್ಕಿಲ್ಲ. ನೀರೊಳಗೆ ಆರಾಮಾಗಿ ಇರಬಹುದು. ಆಗ ನಿಮ್ಮ ಝಡ್ 3.7 ನಿಜಕ್ಕಿಂತ ಜಾಸ್ತಿ.

ತಿಲಾಪಿಯಾದಲ್ಲಿ ಈ ಗೊಂದಲ ಸ್ವಲ್ಪ ಕಮ್ಮಿ ಅನ್ನೋದೂ ನಿಜ. ಬೆನ್ನಿನ ಮುಳ್ಳುಗಳು ಇವೆಯಲ್ಲ, ಅದರಿಂದ ದೊಡ್ಡ ಮೀನೂ ಬಲೆಗೆ ಸುತ್ತಿಕೊಳ್ಳುತ್ತದೆ. ಬಿಡಿಸುವವರ ಬೆರಳು ನೋಡಿದರೆ ಗೊತ್ತಾಗುತ್ತದೆ. ಆದರೂ ಬಲೆಯ ಲೆಕ್ಕ ಇಲ್ಲದೆ ಝಡ್ ಬರೆಯಬೇಡಿ.

ಬಲೆಯ ಕಣ್ಣು ಅಳೆಯುವಾಗ ಹೇಗೆ ಅಳೆದಿರಿ ಅಂತಲೂ ಬರೆಯಿರಿ. ಕಣ್ಣನ್ನು ಎಳೆದು ಎದುರು ಗಂಟಿಗೆ ಅಳೆಯುವುದು ಒಂದು, ಪಕ್ಕದ ಗಂಟಿಗೆ ಅಳೆಯುವುದು ಇನ್ನೊಂದು. ಮೊದಲನೆಯದು ಎರಡನೆಯದರ ಎರಡು ಪಟ್ಟು. ಇದೊಂದು ಹೇಳದೆ ‘60 ಮಿ.ಮೀ.’ ಅಂತ ಬರೆದ ವರದಿ ಯಾರಿಗೂ ಉಪಯೋಗ ಇಲ್ಲ.

ದಡದ ಹುಡುಗಿ

ಇಬ್ಬರಿಗೂ ಧನ್ಯವಾದ. ಝಡ್ ಈಗ ಅರ್ಥ ಆಯಿತು.

ಗಂಟುಬಲೆ ಅವರೇ, ಹೆಚ್ಚಿನವು ಗಿಲ್‌ನೆಟ್‌ಗಳೇ. ಎಳೆದು ಅಳೆದಾಗ 50ರಿಂದ 70 ಮಿ.ಮೀ., 60ರದ್ದೇ ಜಾಸ್ತಿ. ದಡದ ಪಕ್ಕ ಬೀಸುಬಲೆಯವರೂ ಇದ್ದಾರೆ, ಅವರ ಮೀನು ಎಲ್ಲ ಅಳತೆಯದ್ದೂ ಇರುತ್ತವೆ. ಯಾವ ಮೀನು ಯಾವ ದೋಣಿಯದು ಅಂತ ನನ್ನ ಪುಸ್ತಕದಲ್ಲಿ ಇದೆ, ಬೇರ್ಪಡಿಸಬಹುದು. ಕೆಲವು ಹಳಬರ ಮನೆಯಲ್ಲಿ 100 ಮಿ.ಮೀ. ಬಲೆ ಇನ್ನೂ ಇದೆಯಂತೆ. ‘ಅದನ್ನು ಹಾಕಿದರೆ ಖಾಲಿ ಬರುತ್ತದೆ, ಹಾಕೋದು ಬಿಟ್ಟು ಎಷ್ಟೋ ಕಾಲ ಆಯಿತು’ ಅಂದರು. ಇದು ಏನಾದರೂ ಹೇಳುತ್ತದಾ?

ಮತ್ತೆ ಆ 13 ಸೆಂ.ಮೀ. ಮೀನಿನ ವಿಷಯ ಯಾರೂ ಮುಟ್ಟಲಿಲ್ಲ. ದೊಡ್ಡವನ್ನೇ ಹಿಡಿದು ಹಿಡಿದು ತಳಿಯೇ ಕುಳ್ಳಾಗಿದೆ ಅಂತ ಬರೆಯಬಹುದಾ?

ಗಂಟುಬಲೆ

ಹೇಳುತ್ತದೆ! ನಿಮ್ಮ ತಂತ್ರಾಂಶಕ್ಕಿಂತ ಜಾಸ್ತಿ ಹೇಳುತ್ತದೆ. 100ರ ಬಲೆ ಖಾಲಿ ಬರುತ್ತಿದ್ದರೆ, ದೊಡ್ಡ ಮೀನು ಬಲೆ ತಪ್ಪಿಸಿಕೊಂಡು ಎಲ್ಲೋ ಇವೆ ಅನ್ನುವ ನನ್ನ ಅನುಮಾನ ಬಿದ್ದುಹೋಯಿತು. ನಿಜಕ್ಕೂ ಇಲ್ಲ. ಸಾಧ್ಯವಾದರೆ ಅವರಿಂದ ಆ ಬಲೆ ಕೇಳಿ ಪಡೆದು, 60ರದ್ದರ ಪಕ್ಕದಲ್ಲೇ, ಒಂದೇ ರಾತ್ರಿ, ಒಂದೇ ಆಳದಲ್ಲಿ ಕಟ್ಟಿಸಿ ನೋಡಿ. ಖಾಲಿ ಬಂದರೂ ಬರೆದಿಡಿ. ಸೊನ್ನೆಯೂ ಅಂಕಿಯೇ.

ಮೀನ್‌ಲೆಕ್ಕ

ಒಳ್ಳೆ ಉಪಾಯ. ಅದು ಸಿಕ್ಕರೆ ಅರ್ಧ ತಲೆನೋವು ಹೋಯಿತು.

ತಳಿಯ ವಿಷಯಕ್ಕೆ ಬರುತ್ತೇನೆ. ‘ಕುಳ್ಳಾಗಿದೆ’ ಅನ್ನುವ ಮಾತು ಈಗಲೇ ಬೇಡ. ತಿಲಾಪಿಯಾ ಈ ವಿಷಯದಲ್ಲಿ ಬಹಳ ಚಾಲಾಕಿ ಮೀನು. ದೊಡ್ಡ ಸರೋವರದಲ್ಲಿ 20 ಸೆಂ.ಮೀ. ದಾಟಿದ ಮೇಲೆ ಮೊಟ್ಟೆ ಇಡುವುದು, ಅದೇ ಮೀನನ್ನು ಕೊಳದಲ್ಲಿ ತುಂಬಿಟ್ಟರೆ ಕೆಲವೇ ತಿಂಗಳಲ್ಲಿ ಅಂಗೈಗಿಂತ ಚಿಕ್ಕದಿರುವಾಗಲೇ ಮರಿ ಮಾಡುತ್ತದೆ. ತಳಿ ಬದಲಾಗಿಲ್ಲ, ಬದುಕುವ ರೀತಿ ಬದಲಾಗಿದೆ. ಜಲಾಶಯದ ನೀರು ಏರಿಳಿದರೂ, ಮೇವು ಕಮ್ಮಿಯಾದರೂ ಹೀಗಾಗುತ್ತದೆ. ಕೊಳ ಸಾಕುವವರು ಗಂಡು ಮೀನನ್ನೇ ಬಿಡಲು ಒದ್ದಾಡುವುದು ಇದೇ ಕಾರಣಕ್ಕೆ.

ಹಾಗಂತ ಹಿಡಿಯುವುದರಿಂದ ತಳಿ ಬದಲಾಗುವುದೇ ಇಲ್ಲ ಅಂತಲೂ ಅಲ್ಲ. ಕಾನೋವರ್ ಮತ್ತು ಮಂಚ್ 2002ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಅಟ್ಲಾಂಟಿಕ್ ಸಿಲ್ವರ್‌ಸೈಡ್ ಅನ್ನುವ ಚಿಕ್ಕ ಕಡಲ ಮೀನನ್ನು ತೊಟ್ಟಿಗಳಲ್ಲಿ ಸಾಕಿ, ಕೆಲವು ತೊಟ್ಟಿಯಲ್ಲಿ ಪ್ರತಿ ತಲೆಮಾರಿನಲ್ಲೂ ದೊಡ್ಡ 90 ಪರ್ಸೆಂಟ್ ತೆಗೆದರು, ಕೆಲವು ತೊಟ್ಟಿಯಲ್ಲಿ ಚಿಕ್ಕ 90 ಪರ್ಸೆಂಟ್. ನಾಲ್ಕೇ ತಲೆಮಾರು. ಚಿಕ್ಕವನ್ನು ತೆಗೆದ ತೊಟ್ಟಿಯ ಮೀನು ದೊಡ್ಡವನ್ನು ತೆಗೆದ ತೊಟ್ಟಿಯ ಮೀನಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ತೂಗುತ್ತಿದ್ದವು. ಅಲ್ಲಿ ನೀರು, ಮೇವು, ಜಾಗ ಎಲ್ಲ ಒಂದೇ ಇತ್ತು. ಹಾಗಾಗಿ ತಳಿ ಅಂತ ಧೈರ್ಯವಾಗಿ ಹೇಳಿದರು.

ಕೆರೆ ನೀರಿನಲ್ಲಿ ಅಂಥ ಧೈರ್ಯ ಸುಲಭ ಅಲ್ಲ. ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ 1944ರಿಂದ ಪೈಕ್ ಮೀನಿಗೆ ಗಿಲ್‌ನೆಟ್‌ ಹಾಕಿ ದಾಖಲೆ ಇಟ್ಟಿದ್ದಾರೆ. ಕಿವಿರು ಮುಚ್ಚುವ ಮೂಳೆಯ ಉಂಗುರ ಎಣಿಸಿ ವಯಸ್ಸು ಬರೆದಿದ್ದಾರೆ. ಅಷ್ಟು ದಶಕಗಳ ದಾಖಲೆಯಿಂದ ಕಂಡದ್ದು ಒಂದು ಎಳೆದಾಟ. ಬಲೆ ಮೀನನ್ನು ಚಿಕ್ಕದರ ಕಡೆ ಎಳೆಯುತ್ತದೆ, ಪ್ರಕೃತಿ ದೊಡ್ಡದರ ಕಡೆ ಎಳೆಯುತ್ತದೆ. ಯಾವ ವರ್ಷ ಯಾವುದು ಗೆದ್ದಿತು ಅನ್ನುವುದು ಬಲೆ ಎಷ್ಟು ಹಾಕಿದರು ಅನ್ನುವುದರ ಮೇಲೆ. ನಿಮ್ಮ ಬಳಿ ಇರುವುದು ಒಂದು ವರ್ಷದ ಅಳತೆ. ಅದರಲ್ಲಿ ಹೇಳಬಹುದಾದದ್ದು, ‘ಅರ್ಧದಷ್ಟು ಹೆಣ್ಣುಗಳು ಇಷ್ಟು ಉದ್ದಕ್ಕೆ ಹದಕ್ಕೆ ಬಂದಿವೆ’ ಅಂತ ಮಾತ್ರ. ಹೊಟ್ಟೆ ಕೊಯ್ದು ನೋಡಿ ಅದನ್ನು ಬರೆಯಿರಿ. ಒಂದು 13 ಸೆಂ.ಮೀ. ಮೀನು ಕಥೆ ಆಗುತ್ತದೆ, ಅಂಕಿ ಆಗಲ್ಲ.

ಈಗ ಬಲೆಯ ಕಣ್ಣು. ಒಂದು ಲೆಕ್ಕ ಮಾಡಿದೆ, ನೋಡಿ. 18.5 ಸೆಂ.ಮೀ.ಗೆ ಹಿಡಿಯುವ ಬದಲು 24ರವರೆಗೆ ಕಾದರೆ ಏನಾಗುತ್ತದೆ? ನಿಮ್ಮ ಅಂಕಿಗಳ ಪ್ರಕಾರ ಅರ್ಧ ವರ್ಷ ಕಾಯಬೇಕು. ಅಷ್ಟರಲ್ಲಿ ಸಾವಿರದಲ್ಲಿ 565 ಉಳಿಯುತ್ತವೆ. ಆದರೆ ಒಂದೊಂದರ ತೂಕ 2.2 ಪಟ್ಟು. ಗುಣಿಸಿದರೆ ಒಟ್ಟು ತೂಕ 23 ಪರ್ಸೆಂಟ್ ಜಾಸ್ತಿ. ಹಳೆ ವರದಿಯ ಅಂಕಿ ಇಟ್ಟರೆ ಕಾಯುವ ಸಮಯ ಅಷ್ಟೇ, ಆದರೆ ಸಹಜ ಸಾವು ಕಮ್ಮಿ ಇರುವುದರಿಂದ 700 ಉಳಿಯುತ್ತವೆ. ಲಾಭ 53 ಪರ್ಸೆಂಟ್. ಎರಡರಲ್ಲೂ ಕಾಯುವುದೇ ಲಾಭ. ಅಂದರೆ ಬೆಳೆಯುವ ಮೊದಲೇ ಹಿಡಿಯುತ್ತಿದ್ದಾರೆ ಅನ್ನುವುದು ಯಾವ ಅಂಕಿ ಇಟ್ಟರೂ ನಿಲ್ಲುತ್ತದೆ. ಆದರೆ ಎಷ್ಟು ಲಾಭ ಅಂತ ಭರವಸೆ ಕೊಡುವಾಗ 23ಕ್ಕೂ 53ಕ್ಕೂ ಇರುವ ದೂರ ನೆನಪಿರಲಿ. ಬಲೆ ಬದಲಿಸಿ ಅಂತ ಹೇಳುವುದು ಸುಲಭ. ಬದಲಿಸಿದವನು ಆ ಅರ್ಧ ವರ್ಷ ಏನು ಮಾಡಬೇಕು ಅಂತ ಸೂತ್ರದಲ್ಲಿ ಬರುವುದಿಲ್ಲ.

ನೀರಹಕ್ಕಿ

ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ.

ಇ 0.5 ದಾಟಿದರೆ ಅತಿಯಾಯಿತು ಅನ್ನುವುದು ಯಾರೋ ಕಲ್ಲಿನ ಮೇಲೆ ಕೆತ್ತಿದ ನಿಯಮವಲ್ಲ. ಎಫ್ ಮತ್ತು ಎಂ ಸಮ ಇದ್ದರೆ ಇಳುವರಿ ಚೆನ್ನ ಅನ್ನುವ ಮೀನುಗಾರಿಕೆ ವಿಜ್ಞಾನಿ ಗಲ್ಲಂಡ್ ಅವರ 1971ರ ಅಂದಾಜು ಅದು. ಬೇಗ ಹುಟ್ಟಿ ಬೇಗ ಸಾಯುವ ಮೀನು, ವರ್ಷಕ್ಕೆ ಹಲವು ಸಲ ಮರಿ ಮಾಡುವ ಮೀನು, ಹೊಡೆತ ತಾಳುತ್ತದೆ.

ಕರಿಬಾ ಜಲಾಶಯ ನೋಡಿ. ಜಾಂಬಿಯಾ, ಜಿಂಬಾಬ್ವೆ ನಡುವೆ ಇದೆ. ಜಿಂಬಾಬ್ವೆ ಕಡೆ ನಿಯಮ ಬಿಗಿ. ಜಾಂಬಿಯಾ ಕಡೆ ಜನ ಜಾಸ್ತಿ, ಬಲೆ ಜಾಸ್ತಿ, ಕಣ್ಣೂ ಚಿಕ್ಕದು. ಒಂದೇ ನೀರು, ಎರಡು ಬಗೆಯ ಮೀನುಗಾರಿಕೆ. ಇದನ್ನು ವರ್ಷಗಟ್ಟಲೆ ನೋಡಿದ ಕೋಲ್ಡಿಂಗ್ ಮತ್ತು ಅವರ ಜೊತೆಗಾರರು ಹೇಳಿದ್ದು, ಜಾಂಬಿಯಾ ಕಡೆ ಮೀನಿನ ಒಟ್ಟು ರಾಶಿ ಕಮ್ಮಿಯಾಗಿದೆ, ಆದರೆ ಚಿಕ್ಕದು ದೊಡ್ಡದರ ಹೊಂದಿಕೆ ಅಷ್ಟು ಹಾಳಾಗಿಲ್ಲ ಅಂತ. ಎಲ್ಲ ಅಳತೆಯನ್ನೂ ಅದರದರ ಹುಟ್ಟುವಳಿಗೆ ತಕ್ಕ ಹಾಗೆ ಹಿಡಿಯುವುದೇ ಮೇಲು, ದೊಡ್ಡದನ್ನು ಮಾತ್ರ ಆರಿಸಿ ಹಿಡಿಯುವುದು ತಪ್ಪು ಅನ್ನುವ ವಾದ ಹುಟ್ಟಿದ್ದಕ್ಕೆ ಇಂಥ ಕೆರೆಗಳೇ ಒಂದು ಕಾರಣ.

ಹಾಗಾಗಿ ದಡದ ಹುಡುಗಿ ಅವರೇ, ಚಿಕ್ಕ ಮೀನು ಕಂಡ ಕೂಡಲೇ ‘ಕಣ್ಣು ದೊಡ್ಡದು ಮಾಡಿ’ ಅಂತ ಬರೆದರೆ, ಉಳಿದಿರುವ ನಾಲ್ಕು ದೊಡ್ಡ ಮೀನಿನ ಮೇಲೇ ಎಲ್ಲ ಬಲೆ ತಿರುಗಿಸಿದ ಹಾಗೆ. ಒಟ್ಟು ತೂಕ ಇಳಿದಿಲ್ಲ ಅಂತ ನೀವೇ ಹೇಳಿದ್ದೀರಲ್ಲ.

ಮೀನ್‌ಲೆಕ್ಕ

ನೀರಹಕ್ಕಿ ಅವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ದೊಡ್ಡದನ್ನು ಮಾತ್ರ ಹಿಡಿಯುವುದು ತಪ್ಪು, ನಿಜ. ವಿಕ್ಟೋರಿಯಾ ಸರೋವರದಲ್ಲಿ ನೈಲ್ ಪರ್ಚ್‌ಗೆ 50 ಸೆಂ.ಮೀ.ಗಿಂತ ಚಿಕ್ಕದೂ ಬೇಡ, 85ಕ್ಕಿಂತ ದೊಡ್ಡದೂ ಬೇಡ ಅನ್ನುವ ನಿಯಮ ಬಂದದ್ದು ಅದೇ ಯೋಚನೆಯಿಂದ. ಚಿಕ್ಕದು ಬೆಳೆಯಲಿ, ಹಿರಿಯ ತಾಯಿ ಮೀನು ಮೊಟ್ಟೆ ಇಡಲಿ. ನಿಯಮ ಎಷ್ಟು ನಡೆಯುತ್ತದೆ ಅನ್ನುವುದು ಬೇರೆ ಮಾತು.

ಆದರೆ ‘ಒಟ್ಟು ತೂಕ ಇಳಿದಿಲ್ಲ’ ಅನ್ನುವುದನ್ನು ಒಪ್ಪುವುದಿಲ್ಲ. ಕಾಂಬೋಡಿಯಾದ ಟೊನ್ಲೆ ಸ್ಯಾಪ್ ನೋಡಿ. ಮಳೆಗಾಲದಲ್ಲಿ ಮೆಕಾಂಗ್ ನದಿಯ ನೀರು ಹಿಂದಕ್ಕೆ ಹರಿದು ತುಂಬುವ ಸರೋವರ ಅದು. ಅಲ್ಲಿ ದೊಡ್ಡ ಮೀನುಗಳು ಒಂದೊಂದಾಗಿ ಕಮ್ಮಿಯಾಗುತ್ತಾ ಹೋದವು, ಅವುಗಳ ಜಾಗಕ್ಕೆ ಬೇಗ ಬೆಳೆಯುವ ಚಿಕ್ಕ ಜಾತಿಗಳು ಬಂದವು. ತೂಕದ ಪುಸ್ತಕ ನೋಡಿದವನಿಗೆ ಏನೂ ಆಗಿಲ್ಲ. ಅದೇ ನದಿಯ ದೈತ್ಯ ಕ್ಯಾಟ್‌ಫಿಶ್, 2005ರಲ್ಲಿ ಥಾಯ್ಲೆಂಡಿನಲ್ಲಿ 293 ಕೆ.ಜಿ.ಯದ್ದು ಸಿಕ್ಕಿತ್ತು, ಈಗ ಅಳಿವಿನಂಚಿನಲ್ಲಿದೆ. ಒಟ್ಟು ತೂಕ ಅನ್ನುವುದು ಕೊನೆಗೆ ಬೀಳುವ ಅಂಕಿ. ಮೊದಲು ಬೀಳುವುದು ಅಳತೆ. ಆಮೇಲೆ ಒಂದು ಬಲೆಗೆ ಒಂದು ರಾತ್ರಿ ಎಷ್ಟು ಸಿಗುತ್ತದೆ ಅನ್ನುವುದು. ಇವರೇ ಹೇಳಿದ್ದಾರೆ, ತೂಕ ಅಷ್ಟೇ, ಬಲೆ ಜಾಸ್ತಿ. ಅಂದರೆ ಒಂದು ಬಲೆಯ ಪಾಲು ಇಳಿದಿದೆ ಅಲ್ವಾ?

ನೀರಹಕ್ಕಿ

ಅದು ಸರಿ. ಆದರೆ ಬಲೆ ಜಾಸ್ತಿಯಾದರೆ ಪ್ರತಿ ಬಲೆಯ ಪಾಲು ಇಳಿಯುವುದು ಸಹಜ, ಮೀನು ಚೆನ್ನಾಗಿದ್ದರೂ ಇಳಿಯುತ್ತದೆ. ಅದೊಂದರಿಂದ ಮೀನು ಮುಗಿಯಿತು ಅನ್ನೋಕಾಗಲ್ಲ. ಇರಲಿ, ನನ್ನ ತಕರಾರು ಇಷ್ಟೇ, ಒಂದೇ ಜಾತಿಯ ಇ ನೋಡಿ ಇಡೀ ಜಲಾಶಯಕ್ಕೆ ಔಷಧಿ ಬರೆಯಬೇಡಿ. ಅಲ್ಲಿ ಬೇರೆ ಯಾವ ಮೀನುಗಳಿವೆ ಅಂತ ಈ ಚರ್ಚೆಯಲ್ಲಿ ಒಬ್ಬರೂ ಕೇಳಿಲ್ಲ.

ದಡದ ಹುಡುಗಿ

ಗೆಂಡೆ ಜಾತಿಯವು ಇವೆ, ಮುಂಚೆ ದೊಡ್ಡ ಬಾಳೆ ಮೀನು ಇತ್ತಂತೆ, ಈಗ ಅಪರೂಪ. ನನ್ನ ಪ್ರಾಜೆಕ್ಟಿನಲ್ಲಿ ತಿಲಾಪಿಯಾ ಮಾತ್ರ. ಉಳಿದವುಗಳ ಪಟ್ಟಿಯನ್ನಾದರೂ ಹಾಕುತ್ತೇನೆ.

ಎರಡು ಸಣ್ಣ ಪ್ರಶ್ನೆ. ವಯಸ್ಸು ನೇರವಾಗಿ ನೋಡಿದರೆ ಈ ಗೊಂದಲ ಎಲ್ಲ ಹೋಗುತ್ತದಾ? ಹೇಗೆ ನೋಡುವುದು? ಮತ್ತೆ ಪೌಲಿ ಸೂತ್ರಕ್ಕೆ ಯಾವ ತಾಪ ಹಾಕಬೇಕು? ನಾನು ಅಳೆದದ್ದು ಬೆಳಿಗ್ಗೆ 27, ಮಧ್ಯಾಹ್ನ ಮೇಲ್ನೀರು 29 ಇರುತ್ತದೆ.

ಮೀನ್‌ಲೆಕ್ಕ

ಎಲ್ಲ ಹೋಗಲ್ಲ, ಬಹಳಷ್ಟು ಹೋಗುತ್ತದೆ. ಕಿವಿಕಲ್ಲು ತೆಗೆಯಿರಿ (ಮೀನಿನ ಒಳಗಿವಿಯ ಪುಟ್ಟ ಕಲ್ಲು, ಅದರ ಉಂಗುರ ಎಣಿಸಿ ವಯಸ್ಸು ತಿಳಿಯುತ್ತಾರೆ). ಕಣ್ಣಿನ ಹಿಂದೆ ತಲೆಗೆ ಅಡ್ಡ ಕೊಯ್ದು, ಮಿದುಳು ಸರಿಸಿದರೆ ಕೆಳಗೆ ಎರಡು ಬಿಳಿ ಕಲ್ಲು ಸಿಗುತ್ತವೆ. ತೊಳೆದು ಒಣಗಿಸಿ. ನಡುವೆ ಸರಿಯಾಗಿ ಮುರಿದು, ಮುರಿದ ಮುಖವನ್ನು ಸ್ಪಿರಿಟ್ ದೀಪದ ಉರಿಗೆ ಹಿಡಿಯಿರಿ. ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ತೆಗೆಯಬೇಕು, ಒಂದು ಕ್ಷಣ ಜಾಸ್ತಿಯಾದರೆ ಬೂದಿಯಾಗಿ ಪುಡಿಯಾಗುತ್ತದೆ. ಮೇಲೆ ಒಂದು ಹನಿ ಎಣ್ಣೆ ಹಾಕಿ, ಮೇಲಿಂದ ಬೆಳಕು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಉಂಗುರಗಳು ಎದ್ದು ಕಾಣುತ್ತವೆ. ಚಿಕ್ಕ ಮೀನಿನ ಕಲ್ಲಿನಲ್ಲಿ ಮೊದಲು ಕೈ ಪಳಗಿಸಿಕೊಳ್ಳಿ. 30 ಸೆಂ.ಮೀ. ಮೇಲಿನ ಮೀನು ಸಿಗುವುದೇ ಅಪರೂಪ, ಅವುಗಳ ಕಲ್ಲು ಸುಡುವಾಗ ಪ್ರಯೋಗ ಬೇಡ.

ಬೆಚ್ಚಗಿನ ನೀರಿನಲ್ಲಿ ಒಂದು ಉಂಗುರ ಅಂದರೆ ಒಂದು ವರ್ಷ ಅಂತ ಮೊದಲೇ ಅಂದುಕೊಳ್ಳಬೇಡಿ. ವರ್ಷಕ್ಕೆ ಎರಡು ಬೀಳುವುದೂ ಉಂಟು. ನೀವು ಪ್ರತಿ ತಿಂಗಳು ಹೋಗುತ್ತೀರಿ, ಅದು ನಿಮ್ಮ ಪುಣ್ಯ. ಪ್ರತಿ ತಿಂಗಳೂ ಕೆಲವು ಕಲ್ಲು ತೆಗೆದು, ಕಲ್ಲಿನ ಹೊರ ಅಂಚು ಕಪ್ಪಾ, ತಿಳಿಯಾ ಅಂತ ಬರೆದಿಡಿ. ಅಂಚು ವರ್ಷಕ್ಕೆ ಎಷ್ಟು ಸಲ ಕಪ್ಪಾಗುತ್ತದೋ ಅಷ್ಟು ಉಂಗುರ. ಆಮೇಲೆ ಮೂರು ವರ್ಷದ ಮೀನು ಎಷ್ಟು ಉದ್ದ ಇದೆ ಅಂತ ನೋಡಿ. ಆಗ ನಿಮ್ಮ ಜೊತೆಗಾರರು ಹೇಳಿದ ಹಾಗೆ ಮೇವು ಹೆಚ್ಚಾಗಿ ನಿಜಕ್ಕೂ ಬೇಗ ಬೆಳೆಯುತ್ತಿದ್ದರೆ ಅದೂ ಗೊತ್ತಾಗುತ್ತದೆ. ಹಾಗೆ ಆಗುವುದು ಉಂಟು, ನಾನು ಅಲ್ಲಗಳೆಯುತ್ತಿಲ್ಲ.

ತಾಪ ಹಾಕಬೇಕಾದ್ದು ವರ್ಷದ ಸರಾಸರಿ, ಮೀನು ಓಡಾಡುವ ನೀರಿನದು. ಗಾಳಿಯದ್ದಲ್ಲ. ಆದರೆ 27 ಹಾಕಿ, 29 ಹಾಕಿ, ಎಂ ಬದಲಾಗುವುದು ನೂರಕ್ಕೆ ಮೂರರಷ್ಟು, 1.16 ಹೋಗಿ 1.20. ಗರಿಷ್ಠ ಉದ್ದ ಮತ್ತು ಕೆ ಬದಲಿಸಿದ್ದಕ್ಕೆ ಅದೇ ಎಂ 1.16ರಿಂದ 0.70ಕ್ಕೆ ಬಂದಿತ್ತು. ಹಾಗಾಗಿ ಥರ್ಮಾಮೀಟರ್ ಚಿಂತೆ ಬಿಡಿ. ಮೊದಲು ದೋಣಿವಾರು ಅಳತೆಗಳನ್ನು ಬೇರ್ಪಡಿಸಿ, ಬೀಸುಬಲೆಯ ಮೀನಿನ ಸರಾಸರಿ ಉದ್ದ ಎಷ್ಟು ಬಂತು ಅಂತ ಇಲ್ಲಿ ಹಾಕಿ.